ದಾರಿ ಬಿಟ್ಟ ಹುಡುಗಿ: ಎಂಟನೇ ತರಗತಿಯ ವಾಲಿಬಾಲ್ ಪಾಠದ ಒಂದು ಪ್ರಕರಣ

ಮೂರನೇ ವಾರದ ಮೊದಲ ಪೀರಿಯಡ್ ಮುಗಿದಾಗ ನನ್ನ ಕೈಗೆ ಒಂದು ಹಾಳೆ ಬಂತು. ಕಾಲು ಉಳುಕಿಸಿಕೊಂಡು ಆಟಕ್ಕೆ ಇಳಿಯಲಾಗದೆ ಕುಳಿತಿದ್ದ ಹುಡುಗನೊಬ್ಬನಿಗೆ ಒಂದು ಕೆಲಸ ಕೊಟ್ಟಿದ್ದೆ. ಅಂಕಣದ ಪಕ್ಕ ಕುರ್ಚಿ ಹಾಕಿಕೊಂಡು, ಹದಿನೈದು ನಿಮಿಷದ ಆಟದಲ್ಲಿ ಯಾರು ಎಷ್ಟು ಸಲ ಚೆಂಡು ಮುಟ್ಟುತ್ತಾರೆ ಎಂದು ಗೆರೆ ಎಳೆದು ಲೆಕ್ಕ ಇಡುವುದು. ಹನ್ನೆರಡು ಹೆಸರು, ಒಂದು ಕಾಲಂ. ಅವನು ತಾನಾಗಿಯೇ ಇನ್ನೊಂದು ಕಾಲಂ ಸೇರಿಸಿದ್ದ. ಅದರ ತಲೆಬರಹ ‘ದಾರಿ ಬಿಟ್ಟದ್ದು’, ಅಂದರೆ ತನ್ನ ಕಡೆ ಬಂದ ಚೆಂಡನ್ನು ಮುಟ್ಟದೆ ಪಕ್ಕಕ್ಕೆ ಸರಿದದ್ದು. ಹಿಂದಿನ ಸಾಲಿನ ಎಡ ಮೂಲೆಯಲ್ಲಿ ನಿಂತಿದ್ದ ಹುಡುಗಿಯ ಹೆಸರಿನ ಮುಂದೆ ಮುಟ್ಟಿದ್ದು ಸೊನ್ನೆ, ದಾರಿ ಬಿಟ್ಟದ್ದು ಏಳು.

ಸೊನ್ನೆ ಹೇಗೆ ಸಾಧ್ಯ ಎಂದು ಕೇಳಿದೆ. ಸರದಿಯಂತೆ ಜಾಗ ಬದಲಾಗುತ್ತದೆ, ಸರ್ವಿಸ್ ಮಾಡುವ ಪಾಳಿಯಂತೂ ಎಲ್ಲರಿಗೂ ಬರುತ್ತದೆ. “ಅವಳ ಪಾಳಿ ಬಂದಾಗ ಚೆಂಡನ್ನು ಕಾಲಿನಿಂದ ಪಕ್ಕದವನ ಕಡೆಗೆ ಉರುಳಿಸಿದಳು ಸರ್. ಅದನ್ನು ಮುಟ್ಟಿದ್ದು ಎಂದು ಬರೆಯಬೇಕಾ?” ಎಂದ. ಸೀಟಿ ಹಿಡಿದು ಎಂಟು ಹೆಜ್ಜೆ ದೂರದಲ್ಲಿ ನಿಂತಿದ್ದ ನಾನು ಅದನ್ನು ನೋಡಿಯೇ ಇರಲಿಲ್ಲ.

ನನಗೆ ಕಂಡಿದ್ದ ತರಗತಿಯೇ ಬೇರೆ. ಗದ್ದಲವಿತ್ತು, ಬೆವರಿತ್ತು, ಪಾಯಿಂಟಿಗೆ ಪಾಯಿಂಟ್ ಏರುತ್ತಿತ್ತು. ಪಾಠ ಚೆನ್ನಾಗಿ ಸಾಗುತ್ತಿದೆ ಎಂದೇ ಅಂದುಕೊಂಡಿದ್ದೆ. ಹಾಳೆಯ ಲೆಕ್ಕದಲ್ಲಿ ಹನ್ನೆರಡು ಮಂದಿಯ ಒಟ್ಟು ಮುಟ್ಟುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮೂವರವು. ಅವುಗಳಲ್ಲೂ ಬಹುಪಾಲು ಸರ್ವಿಸ್. ಸುಮಾರು ನಲವತ್ತು ಸರ್ವಿಸ್‌ಗಳಲ್ಲಿ ಎದುರು ಬದಿಯವರು ಚೆಂಡನ್ನು ಎರಡನೆಯ ಸಲ ಮುಟ್ಟಿದ್ದು ಒಂಬತ್ತು ಬಾರಿ. ಉಳಿದದ್ದೆಲ್ಲ ಸರ್ವಿಸ್, ನೆಲ, ಪಾಯಿಂಟ್. ನಾನು ಆಡಿಸುತ್ತಿದ್ದದ್ದು ವಾಲಿಬಾಲ್ ಅಲ್ಲ, ಸರ್ವಿಸ್ ಮಾಡಿ ಚೆಂಡು ಹೆಕ್ಕುವ ಆಟ.

ತರಗತಿಯ ಸ್ಥಿತಿ ಹೀಗಿತ್ತು. ನಲವತ್ತೆರಡು ಮಕ್ಕಳು, ವಾರಕ್ಕೆ ನಲವತ್ತು ನಿಮಿಷದ ಎರಡು ಪೀರಿಯಡ್, ಆರು ವಾರ, ನಾಲ್ಕು ಚೆಂಡು, ಒಂದು ಅಂಕಣ. ಮೊದಲ ಎರಡು ವಾರ ಎಲ್ಲರೂ ಕಲಿಸುವ ಕ್ರಮದಲ್ಲೇ ಕಲಿಸಿದ್ದೆ: ನಿಲ್ಲುವ ಭಂಗಿ, ಜೋಡಿಯಲ್ಲಿ ಮುಂಗೈ ಪಾಸ್, ಬೆರಳ ಪಾಸ್, ಕೆಳಗಿನಿಂದ ಸರ್ವಿಸ್. ಆಮೇಲೆ ಆರಾರು ಮಂದಿಯ ಪಂದ್ಯ. ಹನ್ನೆರಡು ಮಂದಿ ಆಡುವಾಗ ಉಳಿದ ಮೂವತ್ತು ಮಂದಿ ಮೂರು ಚೆಂಡು ಹಂಚಿಕೊಂಡು ಗೋಡೆಗೆ ಹೊಡೆಯುತ್ತ ಪಾಳಿ ಕಾಯುತ್ತಿದ್ದರು. ಅಂದರೆ ಆ ಹುಡುಗಿಯ ಸೊನ್ನೆ, ಆಡುವ ಭಾಗ್ಯ ಸಿಕ್ಕವರ ನಡುವಿನ ಸೊನ್ನೆ. ಕಾಯುತ್ತಿದ್ದವರ ಲೆಕ್ಕವನ್ನು ಯಾರೂ ಬರೆದಿರಲಿಲ್ಲ.

ಮೊದಲ ಎರಡು ಊಹೆ

ನೋವಿಗೆ ಹೆದರುತ್ತಿದ್ದಾಳೆ ಎಂಬುದು ನನ್ನ ಮೊದಲ ಊಹೆ. ಆಧಾರವೂ ಇತ್ತು. ಮೊದಲ ವಾರ ಅರ್ಧ ತರಗತಿಯ ಮುಂಗೈ ಕೆಂಪಾಗಿತ್ತು. ಚೆಂಡುಗಳನ್ನು ತೆಗೆದು ನೋಡಿದರೆ ತಪ್ಪು ನನ್ನದೇ. ನಿಯಮದ ಪ್ರಕಾರ ವಾಲಿಬಾಲ್ ಚೆಂಡಿನ ಒಳ ಒತ್ತಡ ಚದರ ಸೆಂಟಿಮೀಟರಿಗೆ 0.30ರಿಂದ 0.325 ಕಿಲೋಗ್ರಾಂ ಇರಬೇಕು. ಹೆಬ್ಬೆರಳಿನಿಂದ ಒತ್ತಿದರೆ ಅದು ಸ್ವಲ್ಪ ಒಳಗೆ ಹೋಗಬೇಕು. ಮತ್ತೆ ಮತ್ತೆ ಗಾಳಿ ತುಂಬುವ ಗೋಜು ಬೇಡವೆಂದು ನಾನು ಕಲ್ಲಿನಂತೆ ಆಗುವವರೆಗೆ ಪಂಪ್ ಹೊಡೆದಿದ್ದೆ. ಗಾಳಿ ಇಳಿಸಿದೆ. ನಿಯಮದ ಚೆಂಡು 260ರಿಂದ 280 ಗ್ರಾಂ ತೂಗುತ್ತದೆ. ಮಕ್ಕಳಿಗೆಂದೇ ಇರುವ, 200ರಿಂದ 220 ಗ್ರಾಂ ತೂಕದ ಎರಡು ಮೆತ್ತನೆಯ ಚೆಂಡುಗಳನ್ನೂ ತರಿಸಿಕೊಂಡೆ. ಕೆಂಪು ಮುಂಗೈಗಳು ಕಡಿಮೆಯಾದವು. ಜೋಡಿ ಅಭ್ಯಾಸದಲ್ಲಿ ಆ ಹುಡುಗಿಯೂ ಸುಧಾರಿಸಿದಳು. ಮುಂದಿನ ಪಂದ್ಯದ ಹಾಳೆಯಲ್ಲಿ ಮಾತ್ರ ಮುಟ್ಟಿದ್ದು ಒಂದು, ದಾರಿ ಬಿಟ್ಟದ್ದು ಆರು. ಆ ಒಂದು ಕೂಡ ಭುಜಕ್ಕೆ ತಾಗಿದ್ದು.

ಎರಡನೆಯ ಊಹೆ, ಪಾಸ್ ಮಾಡಲು ಬರುವುದಿಲ್ಲ ಎಂಬುದು. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಪಾಸ್ ಕಲಿಸುವಾಗ ನಾವು ಬಹುಮಟ್ಟಿಗೆ ಕೈಯನ್ನೇ ನೋಡುತ್ತೇವೆ. ಹೊಸದಾಗಿ ಕಲಿಯುವವರು ಚೆಂಡು ಬಂದೊಡನೆ ಮೊಣಕೈ ಮಡಿಸಿ ತೋಳನ್ನು ಮೇಲಕ್ಕೆ ಬೀಸುತ್ತಾರೆ. ಚೆಂಡು ಮುಂಗೈ ಬಿಟ್ಟು ಮಣಿಕಟ್ಟಿನ ಮೂಳೆಗೋ ಹೆಬ್ಬೆರಳಿಗೋ ತಾಗಿ ತಲೆಯ ಮೇಲಿಂದ ಹಿಂದಕ್ಕೆ ಹಾರುತ್ತದೆ. ಸುತ್ತಲಿದ್ದವರು ನಗುತ್ತಾರೆ. ನಾನು ಮಕ್ಕಳಿಗೆ ‘ಹಲಗೆ’ ಎನ್ನುತ್ತೇನೆ. ಎರಡೂ ಮುಂಗೈ ಸೇರಿ ಒಂದು ಹಲಗೆ, ಹೆಬ್ಬೆರಳುಗಳು ಜೊತೆಜೊತೆಗೆ ಕೆಳಮುಖ, ಮೊಣಕೈ ನೇರ. ಹಲಗೆ ಬೀಸುವುದಿಲ್ಲ, ಓರೆಯಾಗುತ್ತದೆ ಅಷ್ಟೆ; ಅದು ಯಾವ ಕಡೆಗೆ ಮುಖ ಮಾಡಿದೆಯೋ ಚೆಂಡು ಆ ಕಡೆಗೆ ಹೋಗುತ್ತದೆ. ಎತ್ತುವ ಬಲ ಬರುವುದು ಮಂಡಿಯಿಂದ. ಇಷ್ಟನ್ನು ಹತ್ತು ನಿಮಿಷ ಅವಳೊಬ್ಬಳಿಗೇ ಹೇಳಿಕೊಟ್ಟೆ. ನಾನು ಎಸೆದ ಹತ್ತು ಚೆಂಡುಗಳಲ್ಲಿ ಎಂಟು ನನ್ನ ಎದೆಯ ನೇರಕ್ಕೆ ವಾಪಸ್ ಬಂದವು.

ಅದರ ಬೆನ್ನಿಗೇ ನಡೆದ ಪಂದ್ಯದಲ್ಲಿ ಮುಟ್ಟಿದ್ದು ಸೊನ್ನೆ.

ಹಾಳೆಯನ್ನು ಓದಿದ್ದು

ಅವಳನ್ನೇ ಕೇಳುವುದನ್ನು ಬಿಟ್ಟು ಉಳಿದೆಲ್ಲವನ್ನೂ ಮಾಡಿದ್ದೆ. ಕೊನೆಗೆ ಚೆಂಡುಗಳನ್ನು ಚೀಲಕ್ಕೆ ತುಂಬುವಾಗ, ಸಹಾಯಕ್ಕೆಂದು ಕರೆದು ಕೇಳಿದೆ. ಅವಳ ಉತ್ತರ ಇಷ್ಟೇ: “ನಾನು ಕೈ ಹಾಕುವಷ್ಟರಲ್ಲಿ ಅವನು ಬಂದಿರುತ್ತಾನೆ ಸರ್. ಅಡ್ಡ ನಿಂತರೆ ಡಿಕ್ಕಿಯಾಗುತ್ತದೆ. ನಾನು ಹೊಡೆದು ತಪ್ಪಿದರೆ ಪಾಯಿಂಟ್ ಹೋಗುತ್ತದೆ. ಅವನು ಹೊಡೆದರೆ ಅರ್ಧವಾದರೂ ಉಳಿಯುತ್ತದೆ.”

ಅವನು ಎಂದರೆ ತರಗತಿಯಲ್ಲಿ ಎಲ್ಲರಿಗಿಂತ ಎತ್ತರದ, ಶಾಲಾ ತಂಡದಲ್ಲಿ ಆಡುವ ಹುಡುಗ. ಅಂಕಣದ ನಡುವೆ ನಿಂತು ಮೂರೂ ದಿಕ್ಕಿಗೆ ಓಡುತ್ತಿದ್ದ. ಸ್ವಾರ್ಥಿ ಎನ್ನುವ ಹಾಗಿಲ್ಲ. ತನ್ನ ತಂಡ ಸೋಲಬಾರದು ಎಂದುಕೊಂಡಿದ್ದ, ಅಷ್ಟೆ. ಹುಡುಗಿಯೂ ಅದನ್ನೇ ಅಂದುಕೊಂಡಿದ್ದಳು. ಈಗಿನ ನಿಯಮದಲ್ಲಿ, ಸರ್ವಿಸ್‌ನಿಂದ ಚೆಂಡು ನಿಲ್ಲುವವರೆಗಿನ ಪ್ರತಿ ರ್‍ಯಾಲಿಗೂ ಒಂದು ಅಂಕ. 1990ರ ದಶಕದ ಕೊನೆಯವರೆಗೆ ಸಾಮಾನ್ಯವಾಗಿ ಸರ್ವಿಸ್ ಮಾಡಿದ ತಂಡಕ್ಕೆ ಮಾತ್ರ ಅಂಕ ಸಿಗುತ್ತಿತ್ತು. ಎದುರಾಳಿಯ ಸರ್ವಿಸ್ ಇದ್ದಾಗಲಷ್ಟೇ ತಪ್ಪಿಗೆ ಅಂಕದ ದಂಡ. ಟಿವಿಯಲ್ಲಿ ನೋಡುವವರಿಗೆ ಹೊಸ ಪದ್ಧತಿ ಚೆನ್ನ. ಕಲಿಯುವವರ ಪಾಲಿಗೆ ಮಾತ್ರ ಪ್ರತಿ ತಪ್ಪೂ ಎಲ್ಲರೆದುರು ಫಲಕದ ಮೇಲೆ ಬೀಳುವ ಒಂದು ಅಂಕ. ಇಂಥ ಆಟದಲ್ಲಿ ಅವಳು ಪಕ್ಕಕ್ಕೆ ಸರಿದದ್ದು ತಂಡದ ಲೆಕ್ಕದಲ್ಲಿ ಸರಿಯಾದ ನಿರ್ಧಾರ. ಅಂಜುಬುರುಕಿ ಎಂದು ನಾನು ಮನಸ್ಸಿನಲ್ಲೇ ಹಚ್ಚಿದ್ದ ಚೀಟಿ ಅಲ್ಲಿಗೆ ಕಿತ್ತುಹೋಯಿತು.

ಮುಂದಿನ ಪೀರಿಯಡ್ಡಿನಲ್ಲಿ ನಾನು ಸೀಟಿಯನ್ನು ಇನ್ನೊಬ್ಬರ ಕೈಗೆ ಕೊಟ್ಟು ಅವಳ ಪಾದಗಳನ್ನಷ್ಟೇ ನೋಡಿದೆ. ಎದುರು ಬದಿಯವನ ಕೈ ಚೆಂಡಿಗೆ ತಾಗಿದ ಕ್ಷಣಕ್ಕೇ ಅವಳ ಎಡಗಾಲು ಅಲುಗುತ್ತಿತ್ತು. ಚೆಂಡು ನೆಟ್ ದಾಟುವ ಮೊದಲೇ ಅದು ಬೀಳುವ ಜಾಗದಿಂದ ಒಂದು ಹೆಜ್ಜೆ ಆಚೆ ಇರುತ್ತಿದ್ದಳು. ಪಕ್ಕದ ಹುಡುಗರಿಗೆ ಚೆಂಡು ಎಲ್ಲಿ ಬೀಳುತ್ತದೆ ಎಂದು ಗೊತ್ತಾಗುತ್ತಿದ್ದದ್ದು ಅದು ತಲೆಯ ಮೇಲೆ ಬಂದಾಗ. ದಾರಿ ಬಿಡಬೇಕಾದರೆ ದಾರಿ ಯಾವುದೆಂದು ಮೊದಲು ತಿಳಿದಿರಬೇಕಲ್ಲ! ಆ ಹಾಳೆಯ ಏಳು ಗೆರೆ, ಏಳು ಸಲ ಚೆಂಡನ್ನು ಸರಿಯಾಗಿ ಓದಿದ್ದರ ದಾಖಲೆ. ವಾಲಿಬಾಲಿನಲ್ಲಿ ಕಲಿಸಲು ಅತಿ ಕಷ್ಟವಾದ ವಿದ್ಯೆ ಅದೇ. ಕೈ ಹೇಗಿಡಬೇಕೆಂದು ಒಂದು ವಾರದಲ್ಲಿ ಹೇಳಿಕೊಡಬಹುದು. ಎಲ್ಲಿ ಹೋಗಿ ನಿಲ್ಲಬೇಕೆಂಬುದು ಅಷ್ಟು ಸುಲಭಕ್ಕೆ ಬರುವುದಿಲ್ಲ. ಅದು ಬಂದಿದ್ದವಳಿಗೆ ನಾನು ಹಲಗೆ ಪಾಠ ಹೇಳುತ್ತ ಕೂತಿದ್ದೆ.

ಆಟವನ್ನು ಕತ್ತರಿಸಿದ್ದು

ನಾಲ್ಕನೇ ವಾರ ಅಂಕಣವನ್ನು ಬೇರೆ ಥರ ಕತ್ತರಿಸಿದೆ. ಪೂರ್ಣ ಅಂಕಣ 18 ಮೀಟರ್ ಉದ್ದ, 9 ಮೀಟರ್ ಅಗಲ. ನೆಟ್ ಬಿಚ್ಚಿಟ್ಟು, ಉದ್ದಕ್ಕೆ ನಟ್ಟನಡುವೆ ಒಂದು ಹಗ್ಗ ಕಟ್ಟಿದೆ. ಅದರಡಿ ನಾಲ್ಕು ಪುಟ್ಟ ಅಂಕಣ. ಪ್ರತಿಯೊಂದರಲ್ಲೂ ಬದಿಗೆ 4.5 ಮೀಟರ್ ಚದರದ ಜಾಗ. ಹದಿನೆಂಟು ಮೀಟರ್ ಹಗ್ಗ ಎಷ್ಟು ಬಿಗಿದರೂ ನಡುವೆ ಜೋಲುತ್ತದೆ. ಹೈಜಂಪ್ ಕಂಬಗಳೆರಡನ್ನು ನಡುವೆ ಊರಿ ಹಗ್ಗವನ್ನು ಎರಡು ಮೀಟರ್ ಎತ್ತರಕ್ಕೆ ನಿಲ್ಲಿಸಿದೆ, ಕಣ್ಣಿಗೆ ಕಾಣಲೆಂದು ಬಟ್ಟೆಯ ಪಟ್ಟಿ ಇಳಿಬಿಟ್ಟೆ. ಮೂರು ಮಂದಿಯ ತಂಡ, ಅಂಕಣಕ್ಕೆ ಮೂರು ತಂಡ: ಎರಡು ಆಡುತ್ತವೆ, ಒಂದು ಹೊರಗೆ ನಿಂತು ಚೆಂಡು ಹೆಕ್ಕಿ ಲೆಕ್ಕ ಬರೆಯುತ್ತದೆ. ಮೂವತ್ತಾರು ಮಂದಿ ಇಲ್ಲಿ, ಉಳಿದ ಆರು ಮಂದಿ ಗೋಡೆಯ ಬಳಿ. ಐದು ನಿಮಿಷಕ್ಕೊಮ್ಮೆ ಬದಲಾವಣೆ. ಪಕ್ಕದ ಅಂಕಣದ ಚೆಂಡು ಒಳಗೆ ಉರುಳಿದರೆ ನೋಡಿದವರು “ಚೆಂಡು!” ಎಂದು ಕೂಗಬೇಕು, ಎಲ್ಲರೂ ಅಲ್ಲೇ ನಿಲ್ಲಬೇಕು. ಈ ಒಂದು ನಿಯಮದಲ್ಲಿ ರಿಯಾಯಿತಿ ಇಲ್ಲ. ಜಿಗಿದವರ ಕಾಲಡಿಗೆ ಚೆಂಡು ಸಿಕ್ಕರೆ ಉಳಿದ ಪಾಠವೆಲ್ಲ ಕುರ್ಚಿಯ ಮೇಲೆ ಕೂತೇ ನಡೆಯಬೇಕಾಗುತ್ತದೆ.

ಸರ್ವಿಸ್ ನಾಲ್ಕು ಮೀಟರಿನಿಂದ, ಕೆಳಗಿನಿಂದ ಮಾತ್ರ. ಒಬ್ಬರಿಗೆ ಸತತ ಎರಡೇ ಸರ್ವಿಸ್, ಗೆದ್ದರೂ ಸರಿ ಸೋತರೂ ಸರಿ. ಇದರಿಂದ ಸರ್ವಿಸ್‌ನಲ್ಲೇ ಆಟ ಮುಗಿಸುವ ಹುಡುಗರ ಅಂಗಡಿ ಮುಚ್ಚಿತು.

ಹಿಡಿಯಲು ಬಿಡಬೇಕೇ ಎಂಬುದು ಇನ್ನೊಂದು ಪ್ರಶ್ನೆ. ಹೊಸಬರಿಗೆ ಚೆಂಡು ಹಿಡಿದು ಎಸೆಯಲು ಬಿಡುವ ಪದ್ಧತಿ ಹಳೆಯದು. ವಾಲಿಬಾಲ್ ಹುಟ್ಟಿದ 1895ರಲ್ಲೇ ಅಮೆರಿಕದ ನ್ಯೂ ಆರ್ಲಿಯನ್ಸ್‌ನಲ್ಲಿ ದೈಹಿಕ ಶಿಕ್ಷಣ ಬೋಧಿಸುತ್ತಿದ್ದ ಕ್ಲಾರಾ ಗ್ರೆಗರಿ ಬೇರ್, ಅಡ್ಡಗೆರೆಯ ಆಚೀಚೆ ಚೆಂಡು ಹಿಡಿದು ಎಸೆಯುವ ನ್ಯೂಕೊಂಬ್ ಬಾಲ್ ಎಂಬ ಆಟವನ್ನು ರೂಪಿಸಿದ್ದರು. ಸಾಮಾನ್ಯವಾಗಿ ಶಿಕ್ಷಕರು ಮೊದಲ ಚೆಂಡನ್ನು ಹಿಡಿಯಲು ಬಿಡುತ್ತಾರೆ, ಏಕೆಂದರೆ ತಪ್ಪುವುದು ಅದೇ. ನಾನು ಮೊದಲ ಎರಡು ದಿನ ಹಾಗೇ ಮಾಡಿದೆ. ಆಟ ಓಡಿತು, ಆದರೆ ಮುಂಗೈ ಪಾಸ್ ಯಾರಿಗೂ ಬೇಡವಾಯಿತು. ಆಮೇಲೆ ತಿರುಗಿಸಿದೆ. ಮೊದಲ ಮುಟ್ಟು ಮುಂಗೈಯಿಂದಲೇ. ಎರಡನೆಯವರು ಚೆಂಡನ್ನು ಹಿಡಿಯಬಹುದು. ಹಿಡಿದಲ್ಲೇ ನಿಂತು ಮೇಲಕ್ಕೆ ಎತ್ತಿಕೊಡಬೇಕು. ಮೂರನೆಯವರು ಹೊಡೆದು ದಾಟಿಸಬೇಕು. ಪಾಸ್ ಸ್ವಲ್ಪ ಅಡ್ಡಾದಿಡ್ಡಿಯಾದರೂ ಎರಡನೆಯವರು ಓಡಿ ಹಿಡಿದರೆ ಆಟ ಉಳಿಯುತ್ತದೆ. ತಪ್ಪಿನ ಬೆಲೆ ಇಳಿದದ್ದು ಇಲ್ಲಿ.

ನನ್ನದೊಂದು ಜಾಣತನ ಮಾತ್ರ ನೆಲಕಚ್ಚಿತು. ಮೂರು ಮುಟ್ಟಿನ ನಂತರ ದಾಟಿಸಿದರೆ ಒಂದು ಅಂಕ ಹೆಚ್ಚು ಎಂದಿದ್ದೆ. ಅರ್ಧ ಗಂಟೆಯೊಳಗೆ ಮಕ್ಕಳು ಅದರ ಹುಳುಕು ಹುಡುಕಿದರು: ದಾಟಿಸಬಹುದಾದ ಚೆಂಡನ್ನೂ ಒಬ್ಬರಿಗೊಬ್ಬರು ಹಗುರವಾಗಿ ತಟ್ಟಿ, ಲೆಕ್ಕ ತುಂಬಿಸಿ ಕಳುಹಿಸುವುದು. ಮರುದಿನ ಆ ನಿಯಮವನ್ನು ತೆಗೆದುಹಾಕಿದೆ.

ಎತ್ತರದ ಹುಡುಗ ಎರಡನೆಯ ದಿನವೇ ಬಂದು, “ಸರ್, ಇದು ವಾಲಿಬಾಲೇ ಅಲ್ಲ” ಎಂದ. ನಿಜವಾದ ದೂರು. ಅವನಿಗೆ ಕತೆಯೊಂದನ್ನು ಹೇಳಿದೆ. ಈ ಆಟವನ್ನು ಕಂಡುಹಿಡಿದ ವಿಲಿಯಂ ಮಾರ್ಗನ್ ಅಮೆರಿಕದ ಹೋಲಿಯೋಕ್ ಪಟ್ಟಣದ ವ್ಯಾಯಾಮಶಾಲೆಯಲ್ಲಿ ಕಟ್ಟಿದ್ದ ನೆಟ್ ಆರು ಅಡಿ ಆರು ಅಂಗುಲ, ಅಂದರೆ 1.98 ಮೀಟರ್; ನಮ್ಮ ಹಗ್ಗ ಅದಕ್ಕಿಂತ ಎರಡು ಸೆಂಟಿಮೀಟರ್ ಎತ್ತರವೇ ಇದೆ. ಬದಿಗೆ ಎಷ್ಟು ಮಂದಿ ಬೇಕಾದರೂ ಆಡಬಹುದಿತ್ತು, ಎಷ್ಟು ಸಲ ಬೇಕಾದರೂ ಮುಟ್ಟಬಹುದಿತ್ತು, ಸರ್ವಿಸ್ ತಪ್ಪಿದರೆ ಇನ್ನೊಂದು ಅವಕಾಶವೂ ಇತ್ತು. ಮೂರೇ ಮುಟ್ಟು ಎಂಬ ಮಿತಿ ಬಂದದ್ದು 1920ರಲ್ಲಿ. ಆಟ ಹುಟ್ಟಿ ಇಪ್ಪತ್ತೈದು ವರ್ಷವಾದ ಮೇಲೆ ಬಂದ ನಿಯಮವನ್ನು ಈ ಮಕ್ಕಳಿಗೆ ಮೂರನೇ ವಾರಕ್ಕೇ ಹೇರಿದ್ದೆ. ಅವನು ನಕ್ಕ, ಒಪ್ಪಲಿಲ್ಲ.

ಒಪ್ಪಿಸುವುದಕ್ಕಿಂತ ಅವನಿಗೊಂದು ಕೆಲಸ ಕೊಡುವುದು ಮೇಲೆನಿಸಿತು. ಅವನನ್ನು ಆ ಹುಡುಗಿಯ ತಂಡಕ್ಕೇ ಹಾಕಿ, ಎರಡನೆಯ ಮುಟ್ಟು ಮಾತ್ರ ನಿನ್ನದು, ಹಿಡಿಯುವ ಸೌಲಭ್ಯ ನಿನಗಿಲ್ಲ, ಬೆರಳಿನಿಂದಲೇ ಎತ್ತಿಕೊಡಬೇಕು ಎಂದೆ. ಮೊದಲ ಚೆಂಡಿಗೆ ಅವನು ಕೈ ಹಾಕುವಂತಿಲ್ಲ. ಮೊದಲ ಪೀರಿಯಡ್ ಇಬ್ಬರಿಗೂ ಕೆಟ್ಟದಾಗಿ ಹೋಯಿತು. ಅವಳ ಪಾಸ್ ಹಗ್ಗದ ಆಚೆ ಹೋಗುತ್ತಿತ್ತು, ಇಲ್ಲವೇ ಅವನ ಮೊಣಕಾಲಿನ ಬಳಿ ಬೀಳುತ್ತಿತ್ತು, ಅವನು ಗದರುತ್ತಿದ್ದ, ಅವಳ ಮುಖ ಗಂಟಿಕ್ಕುತ್ತಿತ್ತು. ನಡುವೆ ಬಾಯಿ ಹಾಕಬೇಕೆನಿಸಿತು, ಹಾಕಲಿಲ್ಲ. ಅದು ಸರಿಯೋ ತಪ್ಪೋ ಈಗಲೂ ಹೇಳಲಾರೆ. ಎರಡನೆಯ ಪೀರಿಯಡ್ಡಿನಲ್ಲಿ ಅವನೇ ಒಂದು ದಾರಿ ಕಂಡುಕೊಂಡ. “ಸರಿಯಾಗಿ ಕೊಡು” ಎಂದು ಕೂಗುವುದನ್ನು ಬಿಟ್ಟು, “ಮೇಲೆ! ಮೇಲೆ!” ಎನ್ನತೊಡಗಿದ. ದಿಕ್ಕು ತಪ್ಪಿದರೂ ಚೆಂಡು ಎತ್ತರಕ್ಕೆ ಹೋದರೆ ತಾನು ಓಡಿ ಅದರಡಿ ಸೇರಬಲ್ಲೆ ಎಂದು ಅವನಿಗೆ ತಿಳಿದಿತ್ತು. ಹಲಗೆ, ಮಂಡಿ ಎಂದು ನಾನು ಹೇಳಿದ ಅಷ್ಟೂ ಮಾತಿಗಿಂತ ಈ ಒಂದು ಪದ ಅವಳಿಗೆ ಹೆಚ್ಚು ಕೆಲಸ ಮಾಡಿತು.

ಚೆಂಡು ಹಗ್ಗ ದಾಟುವ ಮೊದಲೇ ತೆಗೆದುಕೊಳ್ಳುವವರು “ನನ್ನದು” ಎಂದು ಕೂಗಬೇಕು ಎಂಬ ನಿಯಮವನ್ನೂ ತಂದೆ. ಇದರಲ್ಲಿ ಅವಳೇ ಮೊದಲಿಗಳು. ಎಲ್ಲರಿಗಿಂತ ಮೊದಲು ಓದಬಲ್ಲವಳು ಎಲ್ಲರಿಗಿಂತ ಮೊದಲು ಕೂಗಿದಳು. ದನಿ ಮಾತ್ರ ಮೊದಮೊದಲು ಪಕ್ಕದವನಿಗೂ ಕೇಳಿಸುತ್ತಿರಲಿಲ್ಲ.

ಸರಿಹೋಗದೆ ಉಳಿದದ್ದು

ಹಿಡಿಯಲು ಬಿಟ್ಟರೆ ಆ ಅಭ್ಯಾಸ ಹೋಗುವುದಿಲ್ಲ, ಮುಂದೆ ಪ್ರತಿ ಬೆರಳ ಪಾಸ್‌ಗೂ ಹೋಲ್ಡಿಂಗ್, ಅಂದರೆ ಚೆಂಡು ಹಿಡಿದ ತಪ್ಪು, ಆಗುತ್ತದೆ ಎಂದು ಹಿರಿಯ ಸಹೋದ್ಯೋಗಿಯೊಬ್ಬರು ಎಚ್ಚರಿಸಿದ್ದರು. ಅವರ ಮಾತು ಅರ್ಧ ನಿಜವಾಯಿತು. ಐದನೇ ವಾರ ಹಿಡಿಯುವುದನ್ನು ನಿಲ್ಲಿಸಿದಾಗ ಹೆಚ್ಚಿನವರು ಒಂದೆರಡು ಪೀರಿಯಡ್ಡಿನಲ್ಲಿ ಹೊಂದಿಕೊಂಡರು. ಐದಾರು ಮಂದಿಯ ಬೆರಳುಗಳಲ್ಲಿ ಚೆಂಡು ಕೊನೆಯವರೆಗೂ ಒಂದು ಗಳಿಗೆ ಕೂತೇ ಏಳುತ್ತಿತ್ತು. ನಾನು ಸೀಟಿ ಊದಲಿಲ್ಲ. ಶಾಲಾ ತಂಡದ ಆಯ್ಕೆಯಾಗಿದ್ದರೆ ಊದುತ್ತಿದ್ದೆ.

ನಷ್ಟಗಳೂ ಇವೆ. ಮೇಲಿನಿಂದ ಸರ್ವಿಸ್, ನೆಟ್ ಬಳಿ ಜಿಗಿದು ಚೆಂಡು ತಡೆಯುವ ಬ್ಲಾಕ್, ಆರು ಮಂದಿಯ ಸರದಿ ಇವುಗಳನ್ನು ಈ ಬಾರಿ ಕಲಿಸಲಾಗಲಿಲ್ಲ. ನಡುವೆ ಮಳೆಗೆ ಒಂದು ಪೀರಿಯಡ್ ಹೋಯಿತು. ಗೋಡೆಯ ಬಳಿಯ ಆರು ಮಂದಿಯ ಮೇಲೆ ಕಣ್ಣಿಡಲಾಗಲಿಲ್ಲ. ಅಲ್ಲಿ ಅಭ್ಯಾಸಕ್ಕಿಂತ ಹರಟೆ ಹೆಚ್ಚು ನಡೆಯಿತು. ಅಂಕ ಕೊಡುವ ರೀತಿಯನ್ನೂ ಬದಲಿಸಿದೆ. ಮೊದಲೆಲ್ಲ ಗೋಡೆಗೆ ಹತ್ತು ಪಾಸ್ ಎಣಿಸಿ ಅಂಕ ಹಾಕುತ್ತಿದ್ದೆ. ಗೋಡೆ ಯಾವತ್ತೂ ಚೆಂಡನ್ನು ಮೂಲೆಗೆ ಕಳುಹಿಸುವುದಿಲ್ಲ, ಪಕ್ಕದವನ ಜೊತೆ ಡಿಕ್ಕಿ ಹೊಡೆಸುವುದಿಲ್ಲ. ಈ ಸಲ ಆಟದೊಳಗೇ ಮೂರನ್ನು ನೋಡಿದೆ: ಚೆಂಡಿಗೆ ಮೊದಲು ಕಾಲು ಹೋಯಿತೇ, ಕರೆ ಕೊಟ್ಟರೇ, ಮುಟ್ಟಿದ ಮೇಲೆ ಚೆಂಡು ಇನ್ನೊಬ್ಬರಿಗೆ ಆಡುವಂತೆ ಉಳಿಯಿತೇ. ಒಬ್ಬೊಬ್ಬರನ್ನು ಎರಡೆರಡು ನಿಮಿಷ ನೋಡಬೇಕು, ನಲವತ್ತೆರಡು ಮಂದಿಗೆ ಮೂರು ಪೀರಿಯಡ್ ಹಿಡಿಯಿತು. ಇದು ದುಬಾರಿ ವಿಧಾನ. ಪ್ರತಿ ತರಗತಿಗೂ ಮಾಡಲಾದೀತೆಂದು ಹೇಳಲಾರೆ.

ಲೆಕ್ಕದ ಹಾಳೆಗಳು ಕೊನೆಯವರೆಗೂ ನಡೆದವು. ಹೊರಗೆ ನಿಂತ ತಂಡವೇ ಬರೆಯುತ್ತಿತ್ತು. ‘ದಾರಿ ಬಿಟ್ಟದ್ದು’ ಕಾಲಂ ಎಲ್ಲ ಹಾಳೆಗಳಿಗೂ ಬಂದಿತ್ತು. ಐದನೇ ವಾರದ ಹೊತ್ತಿಗೆ ಮೂರು ಮಂದಿಯ ಆಟದಲ್ಲಿ ಸೊನ್ನೆ ಬರೆಯುವ ಪ್ರಸಂಗವೇ ಬರಲಿಲ್ಲ. ಆ ಹುಡುಗಿ ಐದು ನಿಮಿಷದ ಒಂದು ಆಟದಲ್ಲಿ ಹದಿನಾಲ್ಕು ಸಲ ಚೆಂಡು ಮುಟ್ಟಿದ್ದಳು. ಅವುಗಳಲ್ಲಿ ಆರು ಮಾತ್ರ ಎತ್ತಿಕೊಡುವವನ ತಲೆಯ ಮೇಲೆ ಬಿದ್ದವು.

ಕೊನೆಯ ಪೀರಿಯಡ್ಡಿನಲ್ಲಿ ನಾಲ್ಕೂ ಅಂಕಣಗಳಲ್ಲಿ ಸಣ್ಣ ಪಂದ್ಯಾವಳಿ ಇಟ್ಟಿದ್ದೆ. ಮೊದಲ ಹಾಳೆ ಬರೆದ ಹುಡುಗನ ಕಾಲು ವಾಸಿಯಾಗಿತ್ತು. ಅವಳ ಎದುರು ತಂಡದಲ್ಲಿ ಆಡುತ್ತಿದ್ದ. ಅವನು ಹೊಡೆದ ಚೆಂಡೊಂದು ನೀಳವಾಗಿ ಅವಳ ಮೂಲೆಗೆ ಬಂತು. ಅವಳು ಎರಡು ಹೆಜ್ಜೆ ಹಿಂದೆ ಹೋಗಿ, ಹಲಗೆ ಜೋಡಿಸಿ, ಕೊನೆಯ ಗಳಿಗೆಯಲ್ಲಿ ಕೈ ಬಿಡಿಸಿಕೊಂಡು ಪಕ್ಕಕ್ಕೆ ಸರಿದಳು. “ಬಿಡು, ಔಟ್!” ಎಂಬ ಅವಳ ಕೂಗು ಮೂರನೆಯ ಅಂಕಣಕ್ಕೂ ಕೇಳಿಸಿತು. ಚೆಂಡು ಸುಣ್ಣದ ಗೆರೆಯಿಂದ ಒಂದು ಗೇಣು ಆಚೆ ಬಿದ್ದು ಧೂಳೆಬ್ಬಿಸಿತು.

ಹೊರಗೆ ನಿಂತು ಲೆಕ್ಕ ಬರೆಯುತ್ತಿದ್ದ ಹುಡುಗಿ ಪೆನ್ಸಿಲ್ ಎತ್ತಿಕೊಂಡು ನನ್ನ ಕಡೆ ತಿರುಗಿದಳು. “ಸರ್, ಇದನ್ನು ಯಾವ ಕಾಲಂನಲ್ಲಿ ಬರೆಯಲಿ?”